ಪೀಠಿಕೆ ಮೇಷ್ಟ್ರ ಪ್ರಬಂಧದ ಪೀರಿಯಡ್ಡು

ಅತ್ತಿಗೆ, ಮಕ್ಕಳೇ, ಆಡಳಿತ ಮಂಡಳಿಯ ಅಧ್ಯಕ್ಷರೇ, ದೊಡ್ಡವರಾದ ಮೇಲೂ ಈ ಸಣ್ಣ ಬೆಂಚುಗಳಲ್ಲಿ ಇಕ್ಕಟ್ಟಾಗಿ ಕುಳಿತಿರುವ ಹಳೆಯ ವಿದ್ಯಾರ್ಥಿಗಳೇ — ಎಲ್ಲರಿಗೂ ನಮಸ್ಕಾರ.

ನಾನು ಇದೇ ಶಾಲೆಯಲ್ಲಿ ಚರಿತ್ರೆ ಕಲಿಸಿದವನು. ನಮ್ಮನ್ನು ಅಗಲಿದ ಗೆಳೆಯರು ಪಕ್ಕದ ಕೋಣೆಯಲ್ಲಿ ಪ್ರಬಂಧ ಕಲಿಸುತ್ತಿದ್ದರು. ನಡುವೆ ಇದ್ದದ್ದು ಬರೀ ಹಲಗೆಯ ಗೋಡೆ. ಹಾಗಾಗಿ ನನ್ನ ಮಕ್ಕಳು ಅರ್ಧ ಚರಿತ್ರೆ, ಅರ್ಧ ಪ್ರಬಂಧ ಕಲಿತು ಹೊರಬಿದ್ದರು. — ನಗಿ, ಪರವಾಗಿಲ್ಲ. ಅವರಿದ್ದಿದ್ದರೆ ಎಲ್ಲರಿಗಿಂತ ಮೊದಲು ನಗುತ್ತಿದ್ದರು.

ನೀವೆಲ್ಲ ಬೆನ್ನ ಹಿಂದೆ ಅವರನ್ನು 'ಪೀಠಿಕೆ ಮೇಷ್ಟ್ರು' ಎನ್ನುತ್ತಿದ್ದಿರಿ. ಪೀಠಿಕೆ ಕಂಡರೆ ಅವರಿಗೆ ಆಗುತ್ತಿರಲಿಲ್ಲ, ಅದಕ್ಕೆ. ನಾನೂ ಪೀಠಿಕೆ ಹಾಕುವುದಿಲ್ಲ. ನಾಳೆ ಮಂಡಳಿಯ ಸಭೆಯಿದೆ. ಪ್ರಬಂಧದ ಪೀರಿಯಡ್ಡನ್ನೇ ತೆಗೆದು, ಮಾದರಿ ಪ್ರಬಂಧಗಳ ಪುಸ್ತಕ ಅಚ್ಚು ಹಾಕಿಸಿ ಮಕ್ಕಳ ಕೈಗೆ ಕೊಡುವುದೆಂದು ಅಲ್ಲಿ ತೀರ್ಮಾನವಾಗಲಿದೆ. ಬಾಯಿಪಾಠ ಮಾಡಿದರಾಯಿತು. ಅವರು ಹೋಗಿ ಇನ್ನೂ ತಿಂಗಳಾಗಿಲ್ಲ, ಸ್ವಾಮಿ!

ಆ ಪೀರಿಯಡ್ಡಿನಲ್ಲಿ ಏನು ನಡೆಯುತ್ತಿತ್ತು? ಗೋಡೆಯಾಚೆಯಿಂದ ಕೇಳಿದವನು ನಾನು, ಹೇಳುತ್ತೇನೆ.

ವರ್ಣನೆಯ ಪ್ರಬಂಧ. ವಿಷಯ, 'ನನ್ನ ತಾಯಿ'. ಒಬ್ಬ ಹುಡುಗಿ ಎದ್ದು ಓದಿದಳು — "ನನ್ನ ತಾಯಿ ಕರುಣಾಮಯಿ, ತ್ಯಾಗಮಯಿ..."

"ನಿಲ್ಲಮ್ಮ. ನಿಮ್ಮಮ್ಮ ಮನೆ ಬಾಗಿಲು ಹೇಗೆ ಹಾಕ್ತಾರೆ?"

"ಒದ್ದು ಹಾಕ್ತಾಳೆ ಸಾರ್."

"ಒದ್ದು?"

"ಎರಡೂ ಕೈಯಲ್ಲಿ ನೀರಿನ ಬಕೆಟ್ ಇರುತ್ತಲ್ಲ ಸಾರ್."

"ಅದನ್ನ ಬರಿ ತಾಯಿ! ಕರುಣಾಮಯಿ ತಾನಾಗೇ ಹಿಂದೆ ಬರ್ತಾಳೆ."

ಕಥನದ ಪ್ರಬಂಧವಾದರೆ, 'ಮರೆಯಲಾಗದ ಪ್ರವಾಸ'. ಎಲ್ಲರದೂ ಬೆಳಗಿನ ಜಾವ ಎದ್ದಲ್ಲಿಂದ, ಹಲ್ಲುಜ್ಜಿದಲ್ಲಿಂದ ಶುರು. "ಬಸ್ಸು ಕೆಟ್ಟು ನಿಂತಿತಲ್ಲ, ಅಲ್ಲಿಂದ ಹತ್ತಿಸ್ರೋ ನನ್ನನ್ನ!" ಎನ್ನುತ್ತಿದ್ದರು. ಲಲಿತ ಪ್ರಬಂಧವೆಂದರೆ ಸುಮ್ಮನೆ ಹರಟುವುದು ಎಂದುಕೊಂಡವರಿಗೆ ಹೇಳುತ್ತಿದ್ದರು — "ಸುತ್ತಿ ಬಳಸಿ ಹೋಗೋ. ಆದ್ರೆ ಮನೆ ದಾರಿ ಗೊತ್ತಿರೋನು ಮಾತ್ರ ಹಾಗೆ ಹೋಗಬಹುದು."

ಇನ್ನು ವಿಚಾರದ ಪ್ರಬಂಧ. ಇದಕ್ಕೆ ಅವರದೊಂದು ಕಟ್ಟುನಿಟ್ಟು ಇತ್ತು. ಮೊದಲು ಎದುರು ಪಕ್ಷದವರ ಮಾತನ್ನು ಬರೆಯಬೇಕು. ಅವರಿಗೇ ಓದಿ ಹೇಳಬೇಕು. ಅವರು "ಹೌದು, ನಾನು ಹೇಳೋದೂ ಇದನ್ನೇ" ಎಂದ ಮೇಲೆ ನಿಮ್ಮ ಮಾತು.

ಇದರಿಂದ ಒಂದು ಸಲ ಅವರೇ ಕೆಟ್ಟರು. ಶಾಲೆಯ ವಾಚನಾಲಯವನ್ನು ಮುಚ್ಚಿ ಅಲ್ಲಿ ಕಚೇರಿ ಮಾಡಬೇಕೆಂದು ಮಂಡಳಿ ಹೊರಟಿತ್ತು. ನಮ್ಮ ಪರವಾಗಿ ಇವರು ಎದ್ದು ನಿಂತು, ತಮ್ಮ ಪದ್ಧತಿಯಂತೆ ಮೊದಲು ಮಂಡಳಿಯ ವಾದವನ್ನೇ ಓದಿದರು. ಎಷ್ಟು ಚೆನ್ನಾಗಿ ಓದಿದರೆಂದರೆ — ಅಧ್ಯಕ್ಷರೇ, ಆಗಲೂ ನೀವೇ ಅಧ್ಯಕ್ಷರು — ನೀವು ಚಪ್ಪಾಳೆ ತಟ್ಟಿ, "ಮೇಷ್ಟ್ರೇ ಒಪ್ಪಿದ ಮೇಲೆ ಇನ್ನೇನಿದೆ!" ಎಂದಿರಿ. ನಿರ್ಣಯ ಅಂಗೀಕಾರವಾಯಿತು. ಉಳಿದರ್ಧ ಅವರ ಕೈಯಲ್ಲೇ ಉಳಿಯಿತು.

ಹೊರಗೆ ಬಂದು ನಾನು ಕೂಗಾಡಿದೆ. "ಏನ್ರೀ, ಕೈಯಾರೆ ಕೊಟ್ಟುಬಿಟ್ರಲ್ಲ!"

ಅವರು ಕನ್ನಡಕ ಒರೆಸಿಕೊಂಡರು. "ಅವರ ವಾದ ಇಷ್ಟು ಚೆನ್ನಾಗಿದೆ ಅಂತ ಪಾಪ ಅವರಿಗೇ ಗೊತ್ತಿರಲಿಲ್ಲ ಕಣಯ್ಯ." ಆಮೇಲೆ ಎರಡು ರಾತ್ರಿ ಮನೆಯಲ್ಲಿ ಆ ಉಳಿದರ್ಧವನ್ನು ತಮಗೆ ತಾವೇ ಓದಿಕೊಂಡರು. ಅತ್ತಿಗೆಗೆ ಗೊತ್ತು.

ನನಗೆ ಅಷ್ಟು ತಾಳ್ಮೆಯಿಲ್ಲ. ಆದರೂ ಅವರ ಸಭೆಯಲ್ಲಿ ಅವರ ಪದ್ಧತಿ ಮೀರಬಾರದು. ಅಧ್ಯಕ್ಷರೇ, ನಿಮ್ಮ ಮಾತು ಹೀಗಲ್ಲವೆ? ಮಕ್ಕಳಿಗೆ ಅಂಕ ಬೇಕು. ಮನೆಯಲ್ಲಿ ಒಂದೂ ಪುಸ್ತಕವಿಲ್ಲದ ಮಗುವಿಗೂ, ಕಪಾಟು ತುಂಬ ಪುಸ್ತಕವಿರುವ ಮಗುವಿಗೂ ಒಂದೇ ಒಳ್ಳೆಯ ಮಾದರಿ ಸಿಗಲಿ. ತಿದ್ದುವವರ ಕೈಯೂ ಸೋಲದಿರಲಿ. — ತಲೆಯಾಡಿಸುತ್ತಿದ್ದೀರಿ. ಸರಿ. ಈ ಮಾತಿನಲ್ಲಿ ಸುಳ್ಳಿಲ್ಲ. ಆದರೆ ದಯವಿಟ್ಟು ಚಪ್ಪಾಳೆ ತಟ್ಟಬೇಡಿ. ನಾನಿನ್ನೂ ಮುಗಿಸಿಲ್ಲ.

ನಿಮ್ಮ ಪುಸ್ತಕದ ಕರಡನ್ನು ನೋಡಿದೆ. ಅದರಲ್ಲೂ ಒಬ್ಬ ತಾಯಿ ಇದ್ದಾಳೆ. ಇಡೀ ಶಾಲೆಗೆ ಒಬ್ಬಳೇ. ಅವಳು ಬಾಗಿಲು ಒದೆಯುವುದಿಲ್ಲ, ಅವಳ ಕೈಯಲ್ಲಿ ಬಕೆಟ್ಟೂ ಇಲ್ಲ. ಮನೆಯಲ್ಲಿ ಪುಸ್ತಕವಿಲ್ಲದ ಮಗುವಿಗೆ ಅದರ ಸ್ವಂತ ತಾಯಿಯಾದರೂ ಇದ್ದಳು. ಅವಳನ್ನೂ ಕಸಿದುಕೊಂಡರೆ ಹೇಗೆ? ಈ ಮಕ್ಕಳು ನಾಳೆ ಅರ್ಜಿ ಬರೆಯಬೇಕು, ದೂರು ಬರೆಯಬೇಕು, ತಪ್ಪು ಕಂಡಲ್ಲಿ ಇದು ತಪ್ಪು ಎನ್ನಬೇಕು. ಯಾರೋ ಬರೆದದ್ದನ್ನು ಒಪ್ಪಿಸಿ ಬೆಳೆದವರು, ಯಾರು ಏನು ಮುಂದಿಟ್ಟರೂ ಸಹಿ ಹಾಕುತ್ತಾರೆ. ಅಂಥ ಸಹಿಗಳನ್ನು ನನ್ನ ಆಯುಷ್ಯದಲ್ಲಿ ಬೇಕಾದಷ್ಟು ನೋಡಿದ್ದೇನೆ.

ಇಷ್ಟೇ. ಉತ್ತರವನ್ನು ನಾಳೆಯ ಸಭೆಯಲ್ಲಿ ಹೇಳಿ. ಹೊರಗೆ ಅಂಗಳದಲ್ಲಿ ನಾವು ಕಾಯುತ್ತಿರುತ್ತೇವೆ. — ಹೌದಲ್ಲವೇನ್ರಪ್ಪ? — ಕೇಳಿಸಿತು ನೋಡಿ, ಅಧ್ಯಕ್ಷರೇ.

ಈಗ ಎಲ್ಲರೂ ಎದ್ದು ನಿಲ್ಲೋಣ. ಅತ್ತಿಗೆ, ನೀವು ಕೂತೇ ಇರಿ. ಎರಡು ನಿಮಿಷ ಮೌನ. 'ಮಹಾನ್ ಚೇತನ', 'ತುಂಬಲಾರದ ನಷ್ಟ' ಯಾವುದೂ ಬೇಡ. ಅವರ ಬಗ್ಗೆ ನಿಮಗೊಬ್ಬರಿಗೇ ಗೊತ್ತಿರುವ ಒಂದು ಸಣ್ಣ ಸಂಗತಿಯನ್ನು ನೆನೆಯಿರಿ. ಮೌನವನ್ನಾದರೂ ಪಕ್ಕದವರಿಂದ ನಕಲು ಮಾಡಬೇಡಿ.