ಗಲ್ಲಾದ ಕುರ್ಚಿ

ಡೊಂಬಿವಲಿಯ ದವಾಖಾನೆಯಲ್ಲಿ ಸುಮೇಧಾ ಕಾಲಿಟ್ಟದ್ದೇ ತಡ, ಒಬ್ಬರು ಎದ್ದು ನಿಂತು, "ಯಾ ಮ್ಯಾಡಮ್, ಬಸಾ", ಬನ್ನಿ ಕೂತುಕೊಳ್ಳಿ, ಎಂದು ಮರಾಠಿಯಲ್ಲಿ ಉಪಚರಿಸಿ ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟರು. ಪಕ್ಕದಲ್ಲಿದ್ದ ಹೆಂಡತಿ ಕನ್ನಡದಲ್ಲಿ ಗದರಿದಳು. ಕನ್ನಡ ಬಲ್ಲ ಸುಮೇಧಾ ಅರ್ಥವಾಗದವಳಂತೆ ಮೊಬೈಲ್ ನೋಡುತ್ತ ಕೂತಳು.

"ಬಂದವರನ್ನೆಲ್ಲ ಕೂರಿಸ್ಲಿಕ್ಕೆ ಇದು ನಮ್ಮ ಹೋಟೆಲಾ ಮಾರಾಯ್ರೆ? ಎದೆ ಹಿಡೀತದೆ ಅಂತ ಬಂದದ್ದು ನೀವು."

"ಇಸಿಜಿ ನಾರ್ಮಲ್ ಉಂಟಲ್ಲ ಸುಗುಣಾ."

"ಟೆನ್ಶನ್ ಅಂತ ಡಾಕ್ಟ್ರು ಹೇಳ್ಲಿಲ್ವಾ? ನಿದ್ದೆ ಇಲ್ಲ. ಈಗ ಮನೆಯಲ್ಲೂ ನಿಂತೇ ಊಟ."

"ಅಭ್ಯಾಸ ಆಗಿದೆ."

"ದಿನವಿಡೀ ನಿಂತು ಬಿಲ್ಲಿನ ಹಣ ತಗೊಳ್ಳುವುದು ಯಾಕೆ? ಗಲ್ಲಾದ ಹಿಂದೆ ಕುರ್ಚಿ ಇಲ್ವಾ?"

"ಅದು ಅಣ್ಣನದ್ದು."

"ಭಾವ ತೀರಿಹೋಗಿ ವರ್ಷ ಆಯ್ತಲ್ಲ."

"ಗೊತ್ತುಂಟು. ಶಟರ್ ಎತ್ತಿದ ಕೂಡ್ಲೆ ಒರೆಸಿ ಇಡ್ತೇನೆ. ನಾನು ಕೂತ್ರೆ, ಅವ ಇನ್ನು ಬರುವುದೇ ಇಲ್ಲ ಅಂತ ಗಟ್ಟಿ ಆಗ್ತದೆ."

ಸುಗುಣಾ ಗಂಡನ ಅಂಗಿಯ ತೋಳನ್ನು ಹಿಡಿದುಕೊಂಡಳು.

ಅವರ ಹೆಸರು ಕರೆದರು. ಇಬ್ಬರೂ ಒಳಗೆ ಹೋದರು. "ಬಸಾ" ಎಂದರು ಡಾಕ್ಟರು. ಸ್ವಲ್ಪ ಹೊತ್ತು ಬಿಟ್ಟು, ಇನ್ನೂ ಮೆಲ್ಲಗೆ, "ಬಸಾ ನಾ" ಎಂದರು. ಬಾಗಿಲು ಮುಚ್ಚಿಕೊಳ್ಳುವವರೆಗೂ ಕುರ್ಚಿ ಎಳೆದ ಸದ್ದು ಸುಮೇಧಾಳಿಗೆ ಕೇಳಿಸಲಿಲ್ಲ.