ಪ್ರದಕ್ಷಿಣೆ ಹಾಕಿದ ಇಂಡಿಕೇಟರ್

ಈ ವಾರ್ಷಿಕೋತ್ಸವದ ಅಧ್ಯಕ್ಷತೆ ವಹಿಸಿರುವ, ನಮ್ಮ ಆಟೋ ಎಲೆಕ್ಟ್ರಿಷಿಯನ್ನರ ಸಂಘದ ಗೌರವಾಧ್ಯಕ್ಷರೂ ನಿವೃತ್ತ ಸಂಸ್ಕೃತ ಮೇಷ್ಟರೂ ಆದ ಹಿರಿಯಣ್ಣನವರೇ, ನನಗೆ ಹತ್ತೇ ನಿಮಿಷ ಎಂದು ಬೆಳಗಿನಿಂದ ನಾಲ್ಕು ಸಲ ನೆನಪಿಸಿರುವ ಕಾರ್ಯದರ್ಶಿ ಗುರುಪ್ರಸಾದ್ ಅವರೇ, ಶಿವಮೊಗ್ಗ ಮತ್ತು ಭದ್ರಾವತಿಯ ನನ್ನ ವೃತ್ತಿಬಾಂಧವರೇ, ಹಾಗೂ ಮುಖ ನನ್ನ ಕಡೆಗಿದ್ದರೂ ಮೂಗು ಊಟದ ಹಾಲಿನ ಕಡೆಗಿರುವ ಸಭಿಕರೇ,

ಮೈಸೂರು ಪೇಟ ತೊಡಿಸಿದ್ದೀರಿ. ಅದು ನನಗಿಂತ ದೊಡ್ಡ ತಲೆಗೆ ಮಾಡಿಸಿದ್ದು, ಕಿವಿಯ ಮೇಲೆ ಬಂದು ಕೂತಿದೆ. ಸನ್ಮಾನ ಪತ್ರದಲ್ಲಿ ‘ಬೆಳಕಿಗೆ ದಿಕ್ಕು ತೋರಿಸಿದ ಜಯಕುಮಾರ್’ ಎಂದು ಬರೆಸಿದ್ದೀರಿ. ಇದೂ ನನಗಿಂತ ದೊಡ್ಡವರಿಗೆ ಬರೆಸಿದ್ದೇ. ಅದನ್ನು ಹೇಳುವುದಕ್ಕೇ ಇಲ್ಲಿ ನಿಂತಿದ್ದೇನೆ.

ಮೊದಲು ಈ ಮೇಜಿನ ವಿಷಯ. ಇದರ ಮೇಲೆ ಐದು ಕೆಂಪು ದೀಪಗಳಿವೆ. ಎರಡು ನಿಮಿಷಕ್ಕೊಂದು ಹತ್ತುತ್ತದೆ, ಐದೂ ಹತ್ತಿದರೆ ಮೈಕ್ ಬಂದ್. ಹೋದ ವರ್ಷದ ಮುಖ್ಯ ಅತಿಥಿಗಳು ಒಂದೂಮುಕ್ಕಾಲು ಗಂಟೆ ಮಾತಾಡಿ ನಮ್ಮೆಲ್ಲರ ಹೋಳಿಗೆ ಆರಿಸಿದ ಮೇಲೆ ಗುರುಪ್ರಸಾದ್ ಇದನ್ನು ಮಾಡಿಸಿದ್ದಾರೆ. ಇದರ ಸ್ವಿಚ್ಚು ಹಾಲಿನ ಹಿಂದುಗಡೆ ಇದೆ. ಅಲ್ಲಿ ಯಾರು ಕೂತಿದ್ದಾರೆ ಎಂಬುದನ್ನು ಆಮೇಲೆ ಹೇಳುತ್ತೇನೆ. ಒಂದು ಹತ್ತಿತು, ನೋಡಿ.

ನೀವು ಸನ್ಮಾನಿಸುತ್ತಿರುವುದು ಯಾವುದನ್ನು? ಓಡುವ ಇಂಡಿಕೇಟರನ್ನು. ಕಾರಿನ ಹಿಂದೆ ಹನ್ನೆರಡು ಸಣ್ಣ ಎಲ್‌ಇಡಿಗಳು ಒಂದಾದ ಮೇಲೊಂದು ಹತ್ತಿ, ಕಾರು ತಿರುಗುವ ಕಡೆಗೆ ಬೆಳಕು ಓಡಬೇಕು. ಕಂಪನಿಯವರು ದುಬಾರಿ ಕಾರಿಗೆ ಮಾತ್ರ ಹಾಕುವುದನ್ನು ನಾವು ಹಳೇ ಕಾರಿಗೂ ಹಾಕಿಕೊಟ್ಟೆವು. ಕೇಳುವುದಕ್ಕೆ ಸುಲಭ. ಆದರೆ ಅಂಟಿಸಿದ ಲೈಟನ್ನು ಬಿಚ್ಚಬೇಕಲ್ಲ? ನನ್ನ ಹೆಂಡತಿಯ ಹೇರ್ ಡ್ರೈಯರ್ ತಂದು ಬಿಸಿ ಮಾಡಿ ಬಿಚ್ಚಿದೆ. ಆಮೇಲೆ ಮುಚ್ಚಬೇಕಲ್ಲ? ಮುಚ್ಚಿದೆ, ಆದರೆ ಸರಿಯಾಗಿ ಮುಚ್ಚಲಿಲ್ಲ. ಗಾಜನೂರು ಡ್ಯಾಮ್ ನೋಡಲು ಹೋದ ಗಿರಾಕಿ ಮಳೆಯಲ್ಲಿ ವಾಪಸ್ ಬಂದಾಗ ಅವರ ಲೈಟಿನೊಳಗೆ ಇನ್ನೊಂದು ಡ್ಯಾಮ್ ಕಟ್ಟಿತ್ತು. ಹೇರ್ ಡ್ರೈಯರ್ ಸುಟ್ಟುಹೋಗಿದ್ದು ಬೇರೆ ಕಥೆ. ಅದನ್ನು ನನ್ನ ಹೆಂಡತಿ ಯಾವ ದೀಪದ ಭಯವೂ ಇಲ್ಲದೆ ಇವತ್ತಿಗೂ ಹೇಳುತ್ತಾಳೆ.

ನಾನು ಮಾಡಿದ್ದು ಇಷ್ಟೇ: ಬಿಚ್ಚಿದೆ, ಮುಚ್ಚಿದೆ, ಸುಟ್ಟೆ. ಹಾಗಾದರೆ ಬೆಳಕನ್ನು ಓಡಿಸಿದವರು ಯಾರು? ಭವಾನಿ. ಭದ್ರಾವತಿಯವಳು, ಅಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ವಿಭಾಗದಲ್ಲಿದ್ದ ಭೈರಪ್ಪನವರ ಮಗಳು. ಡಿಪ್ಲೊಮಾ ಮುಗಿಸಿ ನನ್ನ ಅಂಗಡಿಗೆ ಬಂದು ಮೂರು ವರ್ಷ ಕೆಲಸ ಮಾಡಿದಳು. ಬೋರ್ಡು ಅವಳದ್ದು, ಬೆಸುಗೆ ಅವಳದ್ದು, ಚಿಪ್ಪಿನೊಳಗಿನ ಪ್ರೋಗ್ರಾಂ ಅವಳದ್ದು. ಅಂಗಡಿಯ ಬೋರ್ಡಿನ ಮೇಲಿನ ಹೆಸರು ಮಾತ್ರ ನನ್ನದು. ಎರಡನೆಯದೂ ಹತ್ತಿತು.

ಮೊದಲ ಕಾರು ಯಾರದು? ಇದೇ ನಮ್ಮ ಅಧ್ಯಕ್ಷರದು. ಸಾರ್, ನೀರು ಕುಡಿಯಿರಿ, ಇನ್ನೂ ಇದೆ. ಮೇಷ್ಟರು ಲೈಟನ್ನು ಹಿಂದಿನಿಂದ ನೋಡಿದರು. ಬಲಗಡೆಯದು ಬಲಕ್ಕೆ ಓಡಿತು, ಸಂತೋಷಪಟ್ಟರು. ಎಡಗಡೆಯದು ಎಡಕ್ಕೆ ಓಡಿತು, ಕಿವಿ ಮುಚ್ಚಿಕೊಂಡರು. ಕಣ್ಣು ಮುಚ್ಚಿಕೊಳ್ಳಬೇಕಿತ್ತು, ಗಾಬರಿಯಲ್ಲಿ ಕಿವಿ ಮುಚ್ಚಿಕೊಂಡರು.

“ಏನಯ್ಯಾ ಇದು? ಆರತಿ ಎತ್ತೋದು ಎಡದಿಂದ ಬಲಕ್ಕೆ ತಾನೇ? ನನ್ನ ಗಾಡೀಲಿ ದೀಪ ಅಪ್ರದಕ್ಷಿಣೆ ಓಡಬಾರ್ದು. ಎರಡೂ ಕಡೆ ಬಲಕ್ಕೇ ಓಡಿಸು” ಎಂದರು.

ಭವಾನಿ ಬೆಸುಗೆ ಕಡ್ಡಿ ಕೆಳಗಿಟ್ಟು ಹೇಳಿದಳು: “ಸಾರ್, ಕಾರು ಎಡಕ್ಕೆ ಹೋಗೋವಾಗ ಬೆಳಕೂ ಎಡಕ್ಕೇ ಓಡ್ಬೇಕು. ಹಿಂದೆ ಬರೋರು ಆರತಿ ತಗೊಳ್ಳೋಕೆ ಬರ್ತಿರಲ್ಲ.”

ನಾನೇನು ಮಾಡಿದೆ? ಇಪ್ಪತ್ತೆರಡು ವರ್ಷದ ಅನುಭವಸ್ಥ ನಾನು. “ಅಡ್ಜಸ್ಟ್ ಮಾಡು ಮಾರಾಯ್ತಿ, ದೊಡ್ಡೋರು ಹೇಳ್ತಿದಾರೆ” ಎಂದೆ. “ತಪ್ಪು ಅಂತ ಗೊತ್ತಿದ್ದೂ ಮಾಡ್ಲಾ ಅಣ್ಣಾ?” ಎಂದು ಕೇಳಿದಳು. “ಮಾಡು, ಏನಾದ್ರೂ ಆದ್ರೆ ನಾನಿದೀನಿ” ಎಂದೆ. ಆ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನಾನು ನೆನಪಿಟ್ಟುಕೊಳ್ಳಲಿಲ್ಲ.

ಕಾರಿಗೆ ಪೂಜೆಯಾಯಿತು. ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟೆವು. ಮೇಷ್ಟರು ಮೊಮ್ಮಗಳು ರಕ್ಷಾಳನ್ನು ಕೂರಿಸಿಕೊಂಡು ಹುಲಿ ತೋರಿಸಲು ತ್ಯಾವರೆಕೊಪ್ಪದ ಸಫಾರಿಗೆ ಹೊರಟರು. ನಾನು ಸ್ಕೂಟರಿನಲ್ಲಿ ಹಿಂದೆಯೇ ಹೊರಟೆ. ಯಾಕೆ? ಲೈಟು ನೋಡುವುದಕ್ಕೆ! ಸಾಗರ ರಸ್ತೆಯುದ್ದಕ್ಕೂ ನಾನು ರಸ್ತೆಯನ್ನೇ ನೋಡಲಿಲ್ಲ. ಸಫಾರಿಯ ಹತ್ತಿರ ಮೇಷ್ಟರು ಎಡಕ್ಕೆ ಇಂಡಿಕೇಟರ್ ಹಾಕಿದರು. ಎಡಗಡೆಯ ದೀಪ, ಆದರೆ ಬೆಳಕಿನ ಓಟ ಬಲಕ್ಕೆ. ಕಣ್ಣು ನಂಬುವುದು ಓಟವನ್ನೇ, ಸ್ವಾಮಿ. ಓಹೋ, ಬಲಕ್ಕೆ ಹೋಗುತ್ತಿದ್ದಾರೆ ಎಂದುಕೊಂಡು ಎಡಗಡೆಯಿಂದ ಮುಂದೆ ನುಗ್ಗಿದೆ. ಅವರು ಎಡಕ್ಕೇ ತಿರುಗಿದರು. ಈ ಲೈಟನ್ನು ಮಾಡಿಸಿದವನೇ ಈ ಲೈಟಿಗೆ ಮೋಸ ಹೋದ. ಆ ದಿನ ಹುಲಿ ನೋಡಲು ಬಂದವರೆಲ್ಲ ಹುಲಿಯನ್ನು ಬಿಟ್ಟು ನನ್ನನ್ನು ನೋಡಿದರು.

ನಗಿರಿ, ನಗಬೇಕಾದದ್ದೇ. ಆದರೆ ನಾನು ಗುದ್ದಿದ ಬಾಗಿಲಿನ ಪಕ್ಕದಲ್ಲೇ ಆ ಮಗು ಕೂತಿತ್ತು. ಮಗುವಿಗೆ ಏನೂ ಆಗಲಿಲ್ಲ. ಬಾಗಿಲು ಮಾತ್ರ ಒಳಗೆ ಹೋಗಿತ್ತು. ಅಳುತ್ತಿದ್ದ ಮಗುವನ್ನು ಇನ್ನೊಂದು ಬಾಗಿಲಿನಿಂದ ಎತ್ತಿ ಇಳಿಸಿದೆ. ನಾಲ್ಕನೆಯ ದೀಪವೂ ಹತ್ತಿದೆ. ಮೂರನೆಯದು ಯಾವಾಗ ಹತ್ತಿತೋ ನೋಡಲಿಲ್ಲ.

ಸುದ್ದಿ ಕೇಳಿ ಭವಾನಿ ಟೂಲ್ ಬಾಕ್ಸ್ ಹಿಡಿದು ಆಟೋದಲ್ಲಿ ಓಡಿಬಂದಳು. ಅಷ್ಟರಲ್ಲಿ ಜನ ಸೇರಿದ್ದರು, ನಮ್ಮ ಸಂಘದವರೂ ಇಬ್ಬರಿದ್ದರು. “ಏನು ಜಯಕುಮಾರಣ್ಣಾ, ಏನಾಯ್ತು?” ಎಂದು ಕೇಳಿದರು. ಅವಳ ಎದುರಿಗೇ ನಾನು ಹೇಳಿದೆ: “ಈ ಹುಡುಗಿ ಪ್ರೋಗ್ರಾಂ ಉಲ್ಟಾ ಮಾಡಿಬಿಟ್ಟಿದಾಳೆ.”

ಅವಳು ನನ್ನ ಮುಖ ನೋಡಿದಳು. ನಾನು ಸ್ಕೂಟರ್ ನೋಡಿದೆ. ಅವಳು ಮೇಷ್ಟರ ಮುಖ ನೋಡಿದಳು. ಮೇಷ್ಟರು ಆಕಾಶ ನೋಡಿದರು. ಅಂಗಡಿಯ ಬೀಗದ ಕೈಯನ್ನು ನನ್ನ ಸ್ಕೂಟರಿನ ಸೀಟಿನ ಮೇಲಿಟ್ಟು ಅವಳು ಭದ್ರಾವತಿಗೆ ಹೊರಟುಹೋದಳು. ನಾನು ಆಡಿದ ಮಾತು ಸಂಜೆಯೊಳಗೆ ಗಾಂಧಿ ಬಜಾರ್ ಸುತ್ತಿತು. ಎಂಟು ತಿಂಗಳಿಂದ, ಒಬ್ಬರನ್ನು ಬಿಟ್ಟರೆ, ಈ ಹಾಲಿನಲ್ಲಿರುವ ಯಾರೂ ಅವಳಿಗೆ ಒಂದು ಕೆಲಸ ಕೊಟ್ಟಿಲ್ಲ. “ಉಲ್ಟಾ ವೈರಿಂಗ್ ಹುಡುಗಿ” ಎಂದು ಹೆಸರಿಟ್ಟಿದ್ದೀರಿ. ಆಮೇಲೆ ನಾನು ಅವಳು ಮೊದಲು ಬರೆದಿಟ್ಟಿದ್ದ ಪ್ರೋಗ್ರಾಮನ್ನೇ ಹುಡುಕಿ ತೆಗೆದು, ‘ಸುಧಾರಿತ ಮಾದರಿ’ ಎಂದು ಹೆಸರು ಕೊಟ್ಟು ನಲವತ್ತು ಕಾರಿಗೆ ಹಾಕಿದೆ. ಅದಕ್ಕೇ ಈ ಪೇಟ.

ಆ ಒಬ್ಬರು ಗುರುಪ್ರಸಾದ್. ಆ ಅಡ್ಡಹೆಸರು ಯಾರದೆಂದು ಅವರಿಗೆ ಗೊತ್ತಿರಲಿಲ್ಲ. ಅವರು ಈ ಐದು ದೀಪಗಳನ್ನು ಮಾಡಿಸಿದ್ದು ಭದ್ರಾವತಿಯಲ್ಲಿ, ಭೈರಪ್ಪನವರ ಮನೆ ಪಕ್ಕದ ಶೆಡ್ಡಿನಲ್ಲಿ. ಸ್ವಿಚ್ಚಿನ ಹತ್ತಿರ ಕೂತಿರುವವಳು ಭವಾನಿ. ಒಳಗೆ ಬರುವಾಗಲೇ ನೋಡಿದೆ. ಬರೆದು ತಂದಿದ್ದ ಭಾಷಣ ಆಗಿನಿಂದ ಜೇಬಿನಲ್ಲೇ ಇದೆ.

ಭವಾನಿ, ತಪ್ಪು ಮಾಡಿದವನು ನಾನು. ನೀನು ಬೇಡ ಅಂದೆ, ನಾನೇ ಮಾಡಿಸಿದೆ, ಆಮೇಲೆ ನಿನ್ನ ತಲೆಗೆ ಕಟ್ಟಿದೆ. ಹಿರಿಯಣ್ಣ ಸಾರ್, ನೀವು ಎದ್ದು ನಿಲ್ಲುವುದು ಬೇಡ, ಹೌದೆಂದು ತಲೆಯಾಡಿಸಿದರೆ ಸಾಕು. ಆಡಿಸಿದರು! ಎಲ್ಲರೂ ನೋಡಿದಿರಲ್ಲ? ಅದೂ ಎಡದಿಂದ ಬಲಕ್ಕೇ.

ಐದನೆಯದೂ ಹತ್ತಿತು. ಮೈಕ್ ಹೋಗಬೇಕು. ಹೋಗಲಿ, ಹೇಳಬೇಕಾದ್ದು ಹೇಳಿಯಾಯಿತು.

ಹಲೋ... ಹಲೋ. ಹೋಗಿಲ್ಲ. ಇದೇನು, ಐದೂ ಆರಿದವು. ಈಗ ಮೊದಲನೆಯದು ಮತ್ತೆ ಹತ್ತಿದೆ.

ಕ್ಷಮಿಸಿದ್ದಾಳೆ ಎಂದು ನಾನು ಹೇಳುವುದಿಲ್ಲ. ಸಮಯ ಕೊಟ್ಟಿದ್ದಾಳೆ. ಅದನ್ನು ವ್ಯರ್ಥ ಮಾಡುವುದಿಲ್ಲ. ಗುರುಪ್ರಸಾದ್ ಅವರೇ, ಈ ಪತ್ರ ವಾಪಸ್ ತೆಗೆದುಕೊಳ್ಳಿ, ಸರಿಯಾದ ಹೆಸರು ಬರೆಸಿ. ವೃತ್ತಿಬಾಂಧವರೇ, ಊಟಕ್ಕೆ ಏಳುವ ಮೊದಲು ಹಿಂದುಗಡೆ ಹೋಗಿ ಅವಳ ನಂಬರ್ ಬರೆದುಕೊಳ್ಳಿ. ಸಾಲಿನಲ್ಲಿ ಹೋಗಿ. ಮೊದಲು ನಾನು ಹೋಗುತ್ತೇನೆ. ಬೈದರೆ ಬೈಸಿಕೊಳ್ಳುತ್ತೇನೆ.

ಕೇಳಿಸಿಕೊಂಡ ನಿಮಗೂ, ಮೈಕ್ ಉಳಿಸಿದವಳಿಗೂ ಧನ್ಯವಾದ. ನಮಸ್ಕಾರ.