ಬೀಗ ಹಾಕಿದ ಅಂಗಡ್ಯಾಗ ಪ್ರಿಂಟು

ನಗೋರು ಈಗ ನಕ್ಕುಬಿಡ್ರಿ, ಆಮೇಲೆ ನಗು ಬರಂಗಿಲ್ಲ. ಇದು ಎಲ್ಲೋ ಕೇಳಿದ್ದಲ್ಲ. ನಮ್ಮ ಓಣಿ ಮೈಲಾರೇಶಗ ಆಗಿದ್ದು.

ಅವತ್ತು ಹಡಗಲ್ಯಾಗ ಕಡೀ ಬಸ್ಸಿಳಿದು ಅವ ಒಬ್ಬನ ಹೊಂಟಿದ್ದ. ಹಳೇ ಬಾವಿ ಬಂತು. ಒಳಗಿಂದ ಸಪ್ಪಳ... ಟಕ್. ಟಕ್... ಟಕ್. ತಗಡಿನ ತಟ್ಟಿಗೆ ಸಣ್ಣ ಹರಳು ಬಿದ್ದಂಗ. ಇವ ನಿಂತ. ಅದೂ ನಿಂತಿತು. ಹೆಜ್ಜಿ ಇಟ್ಟ... ಟಕ್.

ಕಪ್ಪಿ ಇರಬೇಕು ಅಂದುಕೊಂಡ. ಬಾವ್ಯಾಗ ಉಗುಳಿ ಮುಂದ ಹೋದ.

ಉಗುಳೋದು ಅವನ ಹುಟ್ಟುಗುಣ. ಹರಪನಹಳ್ಳ್ಯಾಗ ಕಂಪ್ಯೂಟರ್ ಅಂಗಡಿ ಇಟ್ಟ ಮ್ಯಾಲಂತೂ ಕೇಳಬ್ಯಾಡ್ರಿ. ಮದುವಿ ಕಾರ್ಡು ಮಾಡಸಾಕ ಬಂದ ಹಿರೇರ ಮುಂದ ಮೌಸ್ ಅಲ್ಲಾಡಿಸಿ, ಇದು ನಿಮಗ ತಿಳಿಯಂಗಿಲ್ಲ ಬಿಡ್ರಿ ಅನ್ನಾವ. ಇವಗರ ಏನು ತಿಳಿದಿತ್ತು? ಮಂಗ್ಯಾನ ಕೈಯಾಗ ಮಾಣಿಕ್ಯ.

ಹಡಗಲ್ಯಾಗ ಇನ್ನೊಂದು ಅಂಗಡಿ ಹಿಡಿದ. ಮೊದಲು ಅಲ್ಲಿ ಅಚ್ಚಿನ ಪ್ರೆಸ್ಸು ಇತ್ತು. ಪಾಲಾಕ್ಷಪ್ಪ ಅನ್ನೋ ಮುದುಕ ಅಲ್ಲೇ ಸೀಸದ ಮೊಳೆ ಜೋಡಿಸಿ, ಒಂದೊಂದ ಅಕ್ಷರ ಆರಿಸಿ ಸಾಲು ಕಟ್ಟತಿದ್ದ. ಗಿರಾಕಿಗೆ ಪ್ರೂಫ್ ತೋರಿಸಿ, ತಪ್ಪು ತಿದ್ದಿ ಒತ್ತಿದ್ರ ಅಕ್ಷರ ಕಾಗದದ ಬೆನ್ನಿಗೆ ಉಬ್ಬತಿದ್ವು. ಪ್ರೆಸ್ಸು ಮುಚ್ಚಿ ಮಿಷನ್ನು ಗುಜರಿಗೆ ಹೋತು. ಮೊಳೆ ಇದ್ದ ಪೆಟ್ಟಿಗಿ ಮಾತ್ರ ನನಗ ಕೊಡು, ಗಾಡಿ ತರತೀನಿ ಅಂತ ಮುದುಕ ಕೈ ಮುಗದ. ಮೈಲಾರೇಶ ಅವನ ಕಣ್ಣ ಮುಂದ ಆ ಪೆಟ್ಟಿಗಿ ಎತ್ತಿ ಎತ್ತಿ ಅದ ಹಳೇ ಬಾವಿಗೆ ಸುರುವಿದ. ಬೇಕಾದ್ರ ಮುಣುಗಿ ಹೆಕ್ಕು ಅಂದ. ಮುದುಕ ಬರಿಗೈಲೆ ಮನಿಗೆ ಹೋದ. ಆ ಮಳಿಗಾಲದಾಗ ತೀರಿಕೊಂಡ.

ಅಂಗಡಿ ನೋಡಾಕ ತಂಗಿ ಗಂಡ ಪಕ್ಕೀರಪ್ಪನ್ನ ಕುಂದ್ರಿಸಿದ. ಪಕ್ಕೀರಪ್ಪ ದೀಪ ಹಚ್ಚೋ ಹೊತ್ತಿಗೆ ಬೀಗ ಹಾಕಿ ಮನಿಗೆ ಹೋಗಾವ. ಕತ್ತಲಾದ್ರ ಅಲ್ಲಿ ಕುಂದ್ರಾಕ ಮನಸು ಒಪ್ಪಂಗಿಲ್ಲ ಅಂತಿದ್ದ. ಮೈಲಾರೇಶ ಅವನ್ನ ಗಿರಾಕಿಗಳ ಮುಂದ ಪುಕ್ಕಲ ಅಂತ ಆಡಿಕೊಂಡ. ಅಷ್ಟರಾಗ ಬ್ರಾಡ್‌ಬ್ಯಾಂಡ್ ಬಂದಿತ್ತು. ಹರಪನಹಳ್ಳ್ಯಾಗ ಗುಂಡಿ ಒತ್ತಿದ್ರ ಹಡಗಲಿ ಅಂಗಡಿ ಪ್ರಿಂಟರಿನಾಗ ಕಾಗದ ಬರಂಗ ಇಂಟರ್ನೆಟ್ಟಿನಾಗ ಜೋಡಿಸಿದ. ಇನ್ನ ರಾತ್ರಿ ಮಿಷನ್ ದುಡಿತೈತಿ, ನೀನು ಮುಂಜಾನಿ ಬಂದು ಎತ್ತಿ ಕೊಡು, ಅಷ್ಟರ ಬರತೈತಲ್ಲ ಅಂತ ಹಂಗಿಸಿದ.

ಕೆಲಸ ನಡೀತು. ಆದ್ರ ಮುಂಜಾನಿ ಬೀಗ ತೆಗದ್ರ ಕಾಗದ ಪ್ರಿಂಟರಿನ ಬಾಯಾಗ ಇರತಿರಲಿಲ್ಲ. ಮೇಜಿನ ಮ್ಯಾಲ, ಅಂಚಿಗೆ ಅಂಚು ಕೂಡಿಸಿ, ಹಾರದಂಗ ಕಲ್ಲು ಹೇರಿಟ್ಟಿರತಿತ್ತು. ದಿನಾ ಹಂಗ. ಪಕ್ಕೀರಪ್ಪ ಬಂದು ಹೇಳಿದ್ದಕ್ಕ, ನೀನ ಎತ್ತಿಟ್ಟು ನನ್ನ ಮುಂದ ನಾಟಕ ಆಡ್ತಿ ಅಂದ ಮೈಲಾರೇಶ. ಆ ನಾಟಕ ಹಿಡಿಯಾಕಂತನ ಅವತ್ತು ಕಡೀ ಬಸ್ಸಿಗೆ ಹೇಳದ ಕೇಳದ ಬಂದಿದ್ದ. ಹೆಂಡತಿ ಸಂಗೀತಾನ್ನ ಹರಪನಹಳ್ಳಿ ಅಂಗಡ್ಯಾಗ ಕುಂದ್ರಿಸಿದ್ದ. ಬಾಗಳಿಯೋರ ಮದುವಿ ಕಾರ್ಡು ಕಳಿಸೋದಿತ್ತು.

ತನ್ನ ಕೀಲಿಲೆ ಬಾಗಿಲು ತೆಗದು ಒಳಗ ಹೋಗಿ ಚಿಲಕ ಹಾಕಿದ. ಲೈಟು ಹಾಕಲಿಲ್ಲ, ಬಂದೋರು ಬೆಳಕು ಕಂಡು ಓಡಬಾರದಲ್ಲ. ಮೂಲ್ಯಾಗ ಮೋಡೆಮ್ಮಿನ ಹಸರು ದೀಪ ಮಾತ್ರ ಮಿಣಕ್... ಮಿಣಕ್. ಬಾಗಿಲ ಬುಡಕ ಕುಂತು ಫೋನ್ ಹಚ್ಚಿದ.

"ಕಳಸು," ಅಂದ, ಪಿಸುದನಿಲೆ.

"ಕಳಿಸೀನಿ... ಹೋತು ಅಂತ ತೋರಸ್ತು," ಅಂದ್ಲು ಸಂಗೀತಾ.

ಗರ್‍ರ್... ಚಟ್. ಸರಕ್. ಕಾಗದ ಬಂತು. ಮತ್ತ ಸರಕ್... ಸರಕ್. ಮೈಲಾರೇಶ ಕತ್ತಲಾಗ ಒಬ್ಬನ ನಕ್ಕ. ಎಲ್ಲಾ ಬಂದು ಮುಗೀತು. ಸುಮ್ಮನಾತು.

ಆಮೇಲೆ...

ತಟ್. ತಟ್. ತಟ್.

ಕಾಗದದ ಕಟ್ಟು ಎರಡೂ ಕೈಲೆ ಹಿಡುದು, ಮೇಜಿಗೆ ಮೆಲ್ಲಕ ಕುಟ್ಟಿ ಅಂಚು ಸರಿ ಮಾಡೋ ಸಪ್ಪಳ. ಪ್ರೆಸ್ಸಿನಾಗ ಮೊಳೆ ತೊಳಿಯೋ ಸೀಮೆಎಣ್ಣಿ ವಾಸನಿ ಮೂಗಿಗೆ ಬಡೀತು. ಚಿಲಕ ಇವನ ಹಾಕ್ಯಾನ. ಒಳಗ ಇವನ ಅದಾನ.

"ಪಕ್ಕೀರಪ್ಪ...?"

ಕಿವಿ ಹಿಂದ, ತೀರ ಸಮೀಪ, ಸಿಟ್ಟಿಲ್ಲದ ಮುದಿ ದನಿ...

"ಪ್ರೂಫ್ ನೋಡಿದೇನಪಾ?"

ಚಿಲಕ ಹೆಂಗ ಕಿತ್ತ ಅವಗ ಇವತ್ತಿಗೂ ಗೊತ್ತಿಲ್ಲ. ಚಪ್ಪಲಿ ಅಲ್ಲೇ ಬಿಟ್ಟು ಓಡ್ಯಾನ. ಊರಿಗೆಲ್ಲಾ ಬುದ್ಧಿ ಹೇಳೋ ಮಹಾಶಯ ಬಸ್‌ಸ್ಟ್ಯಾಂಡಿನಾಗ ಬೀದಿ ನಾಯಿಗಳ ನಡುವ ಮುದುಡಿ ಕುಂತು ಬೆಳಕು ಹರಿಸ್ಯಾನ.

ಬಿಸಿಲು ಬಿತ್ತೋ ಇಲ್ಲೋ, ಮತ್ತ ಅದ ಸೊಕ್ಕು. ಪಕ್ಕೀರಪ್ಪನ ಮನಿ ಬಾಗಿಲಾಗ ನಿಂತು ಓಣಿ ಕೇಳಂಗ ಒದರಿದ. ಪ್ರಿಂಟರ್ ಈಗಿಂದೀಗ ಹರಪನಹಳ್ಳಿಗೆ ಒಯ್ತೀನಿ, ಅಂಗಡಿ ಮುಚ್ಚತೀನಿ, ಇದು ನಿನ್ನಂಥಾ ಪುಕ್ಕಲರ ಕೆಲಸಲ್ಲ ಅಂದ. ಬರಿಗಾಲಾಗ ನಿಂತು ಅಂದ, ಅದು ಬ್ಯಾರೆ.

ಪಕ್ಕೀರಪ್ಪ ತಲಿ ತಗ್ಗಿಸಿ ಪಡಸಾಲಿ ಮೂಲಿ ತೋರಿಸಿದ. ಅಲ್ಲಿ ಏನೋ ಕಂಬಳಿ ಹೊದ್ದು ಕುಂತಿತ್ತು. ಕಂಬಳಿ ಎಳದ. ಪ್ರಿಂಟರ್.

"ತಪ್ಪಾತು ಭಾವ. ಅಂಜಿಕಿ ತಡೀಲಾರದ ನಿನ್ನೆ ಸಂಜಿಗೇ ಸೈಕಲ್ ಮ್ಯಾಲ ಹೇರಿಕೊಂಡು ಬಂದೀನಿ..."

ಮೈಲಾರೇಶ ಹೊಸ್ತಿಲ ಮ್ಯಾಲ ಕುಂತ. ಆಮೇಲೆ ಹಡಗಲಿ ಕಡಿ ಅವ ಮಕಾ ಹಾಕಿಲ್ಲ.

ಕಾರ್ಡು ಅಂಗಡಿ ಮೇಜಿನ ಮ್ಯಾಲ ಇದ್ದೇ ಇದ್ವು. ಮದುವಿಯೋರು ಒಯ್ದು ಹಂಚಿದ್ರು. ಸುಳ್ಳಂದ್ರ ಬಾಗಳಿಗೆ ಹೋಗ್ರಿ, ಯಾರದರ ಮನ್ಯಾಗ ಒಂದು ಸಿಗತೈತಿ. ಓದೋದೇನೂ ಬ್ಯಾಡ. ಕಾರ್ಡಿನ ಬೆನ್ನು ಮ್ಯಾಲ ಮಾಡಿ ಬೆರಳಾಡಸ್ರಿ... ಅಕ್ಷರ ಉಬ್ಬ್ಯಾವ, ಕೈಗೆ ಹತ್ತತಾವ. ಕಂಪ್ಯೂಟರ್ ಪ್ರಿಂಟಿನಾಗ ಹಂಗ ಉಬ್ಬಂಗಿಲ್ಲ.